ವೀಕ್ಷಕರು ನಿದ್ರಿಸಿದ್ದಾರೆ

ಎರಡು ವಾರದ ಹಿಂದೆ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಟಿ.ವಿ. ನನ್ನ ಮಾವನ ಮಾನ ಕಳೆಯಿತು.

ಅದೂ ಯಾರೆದುರು? ಹಮೀದಾಕನೆದುರು! ಮೂಡುಬಿದಿರೆ ಪೇಟೆಯಲ್ಲಿದ್ದ ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಹಾಯಾಗಿರುವ ಹಮೀದಾಕ ಮಾವನ ಹಳೆಯ ದೋಸ್ತಿ. ಇಬ್ಬರಿಗೂ ಯಕ್ಷಗಾನದ, ನಮ್ಮ ಕಡೆಯ ಮಾತಿನಲ್ಲಿ ಆಟದ, ಹುಚ್ಚು. ಭಾನುವಾರ ಊಟ ಮುಗಿಸಿ ನಮ್ಮ ಮನೆಯ ಚಾವಡಿಯಲ್ಲಿ ಟಿ.ವಿ. ಮುಂದೆ ಕೂತರೆಂದರೆ ಹಳೆಯ ಆಟದ ರೆಕಾರ್ಡಿಂಗ್ ಒಂದು ಮುಗಿಯುವ ತನಕ ಏಳುವವರಲ್ಲ. ಭಾಗವತರು ಎಲ್ಲಿ ತಾಳ ತಪ್ಪಿದರು, ಯಾರ ಕುಣಿತ ಸೊರಗಿತು ಎಂಬ ಜಗಳ ಸಂಜೆ ಚಹಾಕ್ಕೆ ಹೋಟೆಲಿಗೂ ಹೋಗುತ್ತದೆ. ಆ ಹೋಟೆಲಿನಲ್ಲಿ ಆಟದ ವಿಷಯ ಬಂದರೆ ಮಾವ ಹೇಳಿದ್ದೇ ಕೊನೆಯ ತೀರ್ಪು. ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ಅಧಿಕಾರ ಅದೊಂದೇ.

ಇನ್ನು ನನ್ನ ಗಂಡನ ವಿಷಯ. ಮಿಜಾರಿನ ಕಡೆ ಒಂದು ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾರೆ. (ಮನೆಯ ಮಿಕ್ಸಿ ಕೆಟ್ಟರೆ ಮಾತ್ರ ಪೇಟೆಗೇ ಒಯ್ಯಬೇಕು.) ಮಾವನ ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿದ್ದ ಆಟಗಳನ್ನೆಲ್ಲ ಒಂದು ಹಳೆಯ ಕಂಪ್ಯೂಟರಿಗೆ ತುಂಬಿ, ಅದಕ್ಕೊಂದು ಸಾಫ್ಟ್‌ವೇರ್ ಹಾಕಿ, ಬೇಕಾದ ಆಟ ಬೇಕಾದಾಗ ಟಿ.ವಿ.ಯಲ್ಲಿ ಬರುವ ಹಾಗೆ ಮಾಡಿದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ವಾರದ ಅಂಕಣದಲ್ಲಿ ನಾನು ಬೇರೇನಾದರೂ ಬರೆಯುತ್ತಿದ್ದೆ. ನಿಲ್ಲಿಸುತ್ತಾರೆಯೇ? ಆ ಸಾಫ್ಟ್‌ವೇರಿಗೆ ಲೈಟು, ಫ್ಯಾನು, ಕಾಲಿಂಗ್ ಬೆಲ್ ಎಲ್ಲ ಜೋಡಿಸಿದರು. ಕೊನೆಗೆ ನಾವು ಹೇಳಿದ್ದನ್ನು ಕೇಳಿ ಉತ್ತರ ಕೊಡುವ ಡಬ್ಬಿಗಳು ಬಂದವು. ಚಾವಡಿಗೊಂದು, ಅಡುಗೆಮನೆಗೊಂದು, ಸಿಟೌಟಿಗೊಂದು.

"ಆಟ ಶುರುವಾದರೆ ಲೈಟು ಮಂದ ಆಗ್ತದೆ. ಬೆಲ್ ಆದರೆ ಆಟ ನಿಲ್ತದೆ. ಎಲ್ಲ ತನ್ನಷ್ಟಕ್ಕೇ!" ಎಂದರು ಗಂಡ.

"ಹಾಗಾದ್ರೆ ನಾವು ಯಾಕೆ?" ಎಂದರು ಮಾವ.

ಡಬ್ಬಿಗೆ ಕನ್ನಡ ಗೊತ್ತು, ತುಳು ಬರುವುದಿಲ್ಲ. ನಮ್ಮ ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲ. (ಇಲ್ಲಿ ಬರೆದದ್ದೆಲ್ಲ ನಿಮಗಾಗಿ ಕನ್ನಡಕ್ಕೆ ಇಳಿಸಿದ್ದು. ಬೈಗುಳ ಬಿಟ್ಟಿದ್ದೇನೆ.) ತುಳು ಬಾರದವರು ಅಂದರೆ ಮಾವನ ಲೆಕ್ಕದಲ್ಲಿ ಹೊರಗಿನಿಂದ ಬಂದ ಆಫೀಸರು. ಹಾಗಾಗಿ ಡಬ್ಬಿಯ ಎದುರು ನಿಂತಾಗ ಅವರು ಮೊದಲು ಎತ್ತಿ ಕಟ್ಟಿದ ಲುಂಗಿ ಇಳಿಸುತ್ತಾರೆ. ಗಂಟಲು ಸರಿ ಮಾಡಿಕೊಳ್ಳುತ್ತಾರೆ. "ದಯವಿಟ್ಟು ಯಕ್ಷಗಾನವನ್ನು ಆರಂಭಿಸಬೇಕಾಗಿ ವಿನಂತಿ" ಎನ್ನುತ್ತಾರೆ. ನನ್ನ ಹತ್ತಿರ ಚಹಾ ಕೇಳುವಾಗ ಇಷ್ಟು ವಿನಯವನ್ನು ನಾನಂತೂ ಕಂಡಿಲ್ಲ.

ಅಲ್ಲಿಯವರೆಗೂ ಸುಸೂತ್ರವಾಗಿತ್ತು. ಆಮೇಲೆ ಗಂಡನ ತಲೆಗೆ ಮತ್ತೊಂದು ಐಡಿಯಾ ಹೊಕ್ಕಿತು. ಈಸಿಚೇರಿನಲ್ಲಿ ಕೂತವರು ಅಲುಗಾಡುತ್ತಾರೋ ಇಲ್ಲವೋ ಎಂದು ನೋಡುವ ಸೆನ್ಸರ್! ತುಸು ಹೊತ್ತು ಅಲುಗಾಟವಿಲ್ಲದಿದ್ದರೆ ನಿದ್ದೆ ಎಂದು ಅರ್ಥ. ಆಗ ಆಟ ನಿಲ್ಲಬೇಕು, ಫ್ಯಾನು ನಿಧಾನವಾಗಬೇಕು, ಮನೆಯವರ ಮಾಹಿತಿಗಾಗಿ ಡಬ್ಬಿ ಒಂದು ಘೋಷಣೆ ಹೊರಡಿಸಬೇಕು.

ಹೊರಡಿಸಿತು. ಆ ಭಾನುವಾರ ಕೋರಿರೊಟ್ಟಿ ತಿಂದು ಮಾವ ಈಸಿಚೇರಿನಲ್ಲಿ ಒರಗಿದ್ದರು. ಹಮೀದಾಕ ಸೋಫಾದಲ್ಲಿದ್ದರು. ಆಟ ಅರ್ಧಕ್ಕೆ ಬಂದಿತ್ತು. ಇದ್ದಕ್ಕಿದ್ದಂತೆ ಭಾಗವತರ ಪದ ನಿಂತಿತು. ಚಾವಡಿಯಿಂದಲೂ ಅಡುಗೆಮನೆಯಿಂದಲೂ ಸಿಟೌಟಿನಿಂದಲೂ ಒಂದೇ ಹೆಣ್ಣುದನಿ ಒಟ್ಟಿಗೇ ಸಾರಿತು: "ವೀಕ್ಷಕರು ನಿದ್ರಿಸಿದ್ದಾರೆ."

ಮಾವ ದಡಕ್ಕನೆ ಎದ್ದರು. "ಯಾರು ಬಂದ್ ಮಾಡಿದ್ದು? ನಾನು ನೋಡ್ತಾ ಇದ್ದೆ!"

ಹಮೀದಾಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ಮಾರಾಯ, ಮೊನ್ನೆ ಹೋಟೆಲಲ್ಲಿ ಈ ಆಟದ ಬಗ್ಗೆ ಅಷ್ಟು ಉದ್ದ ಹೇಳಿದೆಯಲ್ಲ, ಅದೆಲ್ಲ ಕನಸಲ್ಲಿ ನೋಡಿದ್ದಾ?" (ಅವರ ಕಣ್ಣೂ ಕೆಂಪಗೇ ಇತ್ತು. ಸೆನ್ಸರಿನ ಮುಖ ಅವರ ಕಡೆಗೆ ಇರಲಿಲ್ಲ, ಅಷ್ಟೇ.)

ಮುಗಿಯಿತು. ಸಂಜೆ ಮಾವ ಹೋಟೆಲಿಗೆ ಹೋಗಲಿಲ್ಲ. ಮರುದಿನವೂ ಇಲ್ಲ. ವಾರದ ನಡುವೆ ಚೀಲಕ್ಕೆ ಅಂಗಿ ತುಂಬಿಸತೊಡಗಿದರು.

"ಕಕ್ಕಿಂಜೆಗೆ ಹೋಗ್ತೇನೆ. ಮಗಳ ಮನೆಯ ಟಿ.ವಿ.ಗೆ ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಗೊತ್ತುಂಟು."

ನನಗೆ ಮೊದಲು ನಗು ಬಂತು, ಚೀಲ ಕಂಡ ಮೇಲೆ ಅದೂ ಹೋಯಿತು. ಊರಿಗೆಲ್ಲ ಆಟ ಬಿಡಿಸಿ ಹೇಳುವ ಮನುಷ್ಯ ಸ್ವಂತ ಮನೆಯ ಚಾವಡಿಯಲ್ಲಿ ಕೂರಲು ಹೆದರುವುದೆಂದರೇನು? ಗಂಡನ ಹತ್ತಿರ ಜಗಳಕ್ಕೇ ನಿಂತೆ.

"ಸೆನ್ಸರ್ ತಪ್ಪು ಹೇಳಲಿಲ್ಲ. ಅಪ್ಪನಿಗೆ ನಿದ್ದೆ ಬಂದದ್ದು ಹೌದಲ್ಲ?" ಎಂದರು ಅವರು.

ಹೌದು, ಬಂದಿತ್ತು. ಆದರೆ ನಮ್ಮ ಕಡೆ ಆಟಕ್ಕೆ ಹೋಗುವವರು ನಿದ್ದೆಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರೇ? ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ಬಂಟ್ವಾಳದಲ್ಲಿ ಗದ್ದೆಯ ಆಟಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದ ಅಜ್ಜಿ ಉದ್ದುದ್ದ ಮಾತುಗಾರಿಕೆ ಶುರುವಾದ ಕೂಡಲೇ ಮಲಗುತ್ತಿದ್ದರು. ರಕ್ಕಸನ ಬಣ್ಣದ ವೇಷ ಅಬ್ಬರಿಸುತ್ತಾ ಬರುವಾಗ ಚೆಂಡೆಗೆ ಪೆಟ್ಟು ಬಿತ್ತೋ, ಎದ್ದು ಕೂತಾಯಿತು. ಯಾರೂ ಅಲುಗಿಸಬೇಕಾಗಿಲ್ಲ. ಎದ್ದವರೇ ಕಥೆ ಎಲ್ಲಿಗೆ ಮುಟ್ಟಿತೆಂದು ಪೂರ್ತಿ ಎಚ್ಚರವಿದ್ದ ನನಗೇ ವಿವರಿಸುತ್ತಿದ್ದರು!

"ನೋಡಿ ಮಾರಾಯ್ರೆ, ಮಾವನಿಗೆ ಅಲಾರಂ ಯಾವುದು? ಚೆಂಡೆ" ಎಂದೆ. "ಅವರಿಗೆ ನಿದ್ದೆ ಬಂತೆಂದು ನೀವು ಅಲಾರಂ ಅನ್ನೇ ಬಂದ್ ಮಾಡಿದ್ರಿ. ಇನ್ನು ಅವರು ಏಳುವುದು ಹೇಗೆ?"

ಗಂಡ ತಲೆ ತುರಿಸಿಕೊಂಡರು. ಶನಿವಾರ ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತು 'ಯಕ್ಷಗಾನ ಮೋಡ್' ಎಂಬುದೊಂದನ್ನು ತಯಾರಿಸಿದರು. ಅದು ಏನು ಮಾಡುತ್ತದೆ ಗೊತ್ತೇ? ಏನೂ ಮಾಡುವುದಿಲ್ಲ. ಲೈಟು ಮುಟ್ಟುವುದಿಲ್ಲ, ಫ್ಯಾನಿನ ಸುದ್ದಿಗೆ ಹೋಗುವುದಿಲ್ಲ, ತುಟಿ ಬಿಚ್ಚುವುದಿಲ್ಲ. ನಮ್ಮ ಹಳೆಯ ಟಿ.ವಿ. ಇದೇ ಕೆಲಸವನ್ನು ಯಾವ ಸಾಫ್ಟ್‌ವೇರೂ ಇಲ್ಲದೆ ವರ್ಷಗಟ್ಟಲೆ ಮಾಡಿತ್ತು.

ಭಾನುವಾರ ಗಂಡ ತಾವೇ ಹೋಗಿ ಹಮೀದಾಕನನ್ನು ಕರೆತಂದರು. "ಅಪ್ಪಾ, ನಾನೂ ಕೂತ್ಕೊಳ್ತೇನೆ, ಒಟ್ಟಿಗೆ ನೋಡುವ" ಎಂದರು. ಮಾವ ಈಸಿಚೇರಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಅಂಗಿ ತುಂಬಿದ ಚೀಲ ಬಾಗಿಲ ಹತ್ತಿರವೇ ಇತ್ತು.

ನಾನು ಒಳಗೆ ಇದೇ ಅಂಕಣ ಬರೆಯಲು ಒದ್ದಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಾವನ ಗೊರಕೆ ಕೇಳಿಸಿತು. ಅದಕ್ಕೆ ಶ್ರುತಿ ಸೇರಿಸುವ ಹಾಗೆ ಹಮೀದಾಕನದು. ಆಮೇಲೆ ಮೂರನೆಯದು! ಬಂದು ಇಣುಕಿ ನೋಡಿದೆ. ಡಬ್ಬಿ ತೆಪ್ಪಗಿತ್ತು, ಆಟ ನಡೆಯುತ್ತಲೇ ಇತ್ತು.

ಬಣ್ಣದ ವೇಷ ಬಂತು. ಚೆಂಡೆಗೆ ಪೆಟ್ಟು ಬಿತ್ತು. ಮಾವ, ಹಮೀದಾಕ ಇಬ್ಬರೂ ಒಂದೇ ಸಲ ಕಣ್ಣು ಬಿಟ್ಟರು.

"ಪ್ರವೇಶ ಸ್ವಲ್ಪ ಬೇಗ ಆಯ್ತು" ಎಂದರು ಮಾವ.

"ಎಲ್ಲಿ ಬೇಗ? ಸರಿಯಾಗಿಯೇ ಉಂಟು" ಎಂದರು ಹಮೀದಾಕ.

ಜಗಳ ಶುರುವಾಯಿತು. ನನ್ನ ಜೀವ ತಂಪಾಯಿತು. ಆದರೆ ಇಲೆಕ್ಟ್ರಾನಿಕ್ಸ್ ಮೇಷ್ಟ್ರು? ಅಷ್ಟು ಚೆಂಡೆಗೂ ಜಪ್ಪಯ್ಯ ಎನ್ನದೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. "ಆಟ ನಿಲ್ಲಿಸು" ಎಂದೆ ಡಬ್ಬಿಗೆ.

ಸದ್ದು ನಿಂತದ್ದೇ ತಡ, ಗಂಡ ದಡಕ್ಕನೆ ಎದ್ದರು. "ಯಾರು ಬಂದ್ ಮಾಡಿದ್ದು? ನಾನು ನೋಡ್ತಾ ಇದ್ದೆ!"

ಮಾವ ನಿಧಾನಕ್ಕೆ ಎದ್ದು ನಿಂತರು. ಎತ್ತಿ ಕಟ್ಟಿದ ಲುಂಗಿ ಇಳಿಸಿದರು. ಗಂಟಲು ಸರಿ ಮಾಡಿಕೊಂಡರು. ಡಬ್ಬಿಗಿಂತ ಸ್ವಚ್ಛವಾದ ಕನ್ನಡದಲ್ಲಿ ಸಾರಿದರು: "ವೀಕ್ಷಕರು ನಿದ್ರಿಸಿದ್ದಾರೆ."

ಸಂಜೆ ದೋಸ್ತಿಗಳಿಬ್ಬರೂ ಹೋಟೆಲಿಗೆ ಹೋದರು. ಅಲ್ಲಿ ಯಾರ ನಿದ್ದೆಯ ವಿಮರ್ಶೆ ನಡೆಯಿತೆಂದು ಬೇರೆ ಹೇಳಬೇಕೇ? ಚೀಲದಲ್ಲಿದ್ದ ಅಂಗಿಗಳನ್ನು ನಾನೇ ಮಡಚಿ ಕಪಾಟಿಗೆ ಸೇರಿಸಿದೆ.

ನಿದ್ದೆ ಬಂದಂತೆ ನಟಿಸುವವರನ್ನು ಎಬ್ಬಿಸಲಾಗದು ಎನ್ನುತ್ತಾರೆ, ಸರಿ. ಗೊರಕೆ ಹೊಡೆದೂ ಎಚ್ಚರವಿದ್ದೆ ಎನ್ನುವವರಿಗೆ ಯಾವ ಸೆನ್ಸರ್ ಹಾಕುವುದು, ಹೇಳಿ?