ಎರಡೂ ಸ್ಟ್ಯಾಂಡಿಗೆ ಸೇರದ ಸೈಕಲ್

ಮುನಿಲಕ್ಷ್ಮಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಟ್ಟು ಅವಳ ಕಥೆ ಹೇಳಲು ಹೋದರೆ ಎರಡನೇ ಸಾಲಿಗೇ ಸಿಕ್ಕಿಬೀಳುತ್ತೇನೆ. ಹಾಗಾಗಿ ಮೊದಲೇ ಹೇಳಿಬಿಟ್ಟೆ.

ನಾನು ಕದಿರೇಶ್. ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಕಾರುಗಳಿಗೆ ವೈರ್ ಹೆಣೆದು ಕೊಡುವ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿ. ಊರು ನಂಗಲಿ ಹತ್ತಿರ, ಮನೆಮಾತು ತೆಲುಗು. ಹನ್ನೊಂದು ವರ್ಷದಿಂದ ಅದೇ ಗೇಟು, ಅದೇ ಸೀಟಿ, ಅದೇ ಏಜೆನ್ಸಿ. ಒಳಗೆ ಕಾಂಟ್ರ್ಯಾಕ್ಟಿನಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಪರ್ಮನೆಂಟ್ ಲಿಸ್ಟ್ ಎಂದು ಒಂದು ಬರುತ್ತದೆ. ಗೇಟಿನವರಿಗೆ ಅಂಥದ್ದೇನೂ ಬರುವುದಿಲ್ಲ. ನನ್ನ ಹೊಟ್ಟೆಯುರಿಯ ಮೂಲ ಅಲ್ಲಿದೆ, ಬೇರೆಲ್ಲೂ ಹುಡುಕಬೇಡಿ.

ಮುನಿಲಕ್ಷ್ಮಿ ಆ ಲಿಸ್ಟಿಗಾಗಿ ಆರು ವರ್ಷದಿಂದ ಕಾಯುತ್ತಿದ್ದಳು. ವಯಸ್ಸು ಮೂವತ್ತೆಂಟು. ಫ್ಯಾಕ್ಟರಿಯಿಂದ ಹನ್ನೊಂದು ಕಿಲೋಮೀಟರ್ ಒಳಗಿನ ಹಳ್ಳಿ. ಗಂಡ ಕೋಲಾರದ ಟೊಮೇಟೊ ಮಂಡಿಯಲ್ಲಿ ಹಮಾಲಿ, ಬೆಳಗಿನ ಜಾವ ಮೂರಕ್ಕೇ ಮೊಪೆಡ್ ಹತ್ತಿ ಹೋಗಿಬಿಡುತ್ತಾನೆ. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು, ಮಗಳು ಹಾಸ್ಟೆಲ್ ಸೇರಿದ ಮೇಲೆ ತಾಯಿಗೆ ಬಂತು. ಕಂಪನಿ ಬಸ್ಸು ಅವಳ ಊರಿನ ಕ್ರಾಸಿನಲ್ಲೇ ಹಾದು ಬರುತ್ತದೆ, ಅರ್ಧ ಸೀಟು ಖಾಲಿ. ಆದರೆ ಬಸ್ಸು ಹತ್ತಲು ಪರ್ಮನೆಂಟಿನವರ ನೀಲಿ ಶರ್ಟು ಇರಬೇಕು. ಕಾಂಟ್ರ್ಯಾಕ್ಟಿನವರದು ಬೂದಿ ಬಣ್ಣದ ಶರ್ಟು. ಹತ್ತಿಸಿಕೊಳ್ಳುವುದಿಲ್ಲ.

ಆರು ಗಂಟೆಗೆ ಶಿಫ್ಟು. ಗೇಟಿನ ಒಳಗೆ ಮುಖ ತೋರಿಸುವ ಮೆಷಿನ್ ಇದೆ, ಆರು ದಾಟಿದರೆ ಕೆಂಪು ದೀಪ. ವರ್ಷದಲ್ಲಿ ಮೂರು ಕೆಂಪು ದೀಪ ಬಿದ್ದರೆ ಆ ವರ್ಷದ ಲಿಸ್ಟಿನಿಂದ ಹೆಸರು ಹೋಯಿತು. ಅವಳಿಗೆ ಮೊಣಕಾಲು ನೋವು, ದಾರಿಯಲ್ಲಿ ದೊಡ್ಡ ಏರು. ಜುಲೈ ಹೊತ್ತಿಗೆ ಎರಡು ಬಿದ್ದಿತ್ತು.

ಬೇರೆ ಯಾರಾದರೂ ಆಗಿದ್ದರೆ ಸೂಪರ್‌ವೈಸರ್ ಮುಂದೆ ಅತ್ತು ಕರೆದು ಏನೋ ಮಾಡಿಕೊಳ್ಳುತ್ತಿದ್ದರು. ಇವಳು ಹಾಗಲ್ಲ, ಸೀದಾ ಕೋಲಾರದ ಕ್ಲಾಕ್ ಟವರ್ ಹತ್ತಿರ ಬೋರ್‌ವೆಲ್ ಮೋಟಾರು ರೀವೈಂಡಿಂಗ್ ಮಾಡುವ ನಯೀಮ್ ಅಂಗಡಿಗೆ ಹೋದಳು. ಅವನು ಹಿಂದಿನ ಚಕ್ರಕ್ಕೆ ಮೋಟಾರು ಕೂರಿಸಿದ, ನಡುವಿನ ಕಂಬಿಗೆ ಬ್ಯಾಟರಿ ಬಿಗಿದ. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಎಂಬ ಪೆಟ್ಟಿಗೆಯನ್ನು ಸ್ಟೀಲಿನ ಟಿಫನ್ ಡಬ್ಬಿಯೊಳಗಿಟ್ಟು ಕ್ಯಾರಿಯರ್ ಕೆಳಗೆ ಕಟ್ಟಿದ. ವೈರಿಂಗ್ ಮಾತ್ರ ಅವಳದೇ. ಆರು ವರ್ಷ ಕಾರಿಗೆ ಹೆಣೆದ ಕೈ. ಒಂದು ಎಳೆ ಜೋತು ಬಿದ್ದಿರಲಿಲ್ಲ, ಒಂದು ಟೇಪು ಸೊಟ್ಟಗಿರಲಿಲ್ಲ. ಚೆನ್ನಾಗಿದ್ದದ್ದೇ ನನಗೆ ಇನ್ನಷ್ಟು ಉರಿಯಿತು.

ಮೊದಲ ದಿನ ಗೇಟಿನಲ್ಲೇ ತಡೆದೆ.

"ಏನಮ್ಮಾ ಇದು?"

"ಸೈಕಲ್ ಅಣ್ಣಾ."

"ಸೈಕಲ್ ಅಂದ್ರೆ ತುಳೀಬೇಕು. ಕಾಲು ಸುಮ್ನೆ ಇಟ್ಕೊಂಡು ಬಂದೆಯಲ್ಲ, ನನಗೇನು ಕಣ್ಣಿಲ್ವಾ?"

"ಮೋಟಾರ್ ಹಾಕ್ಸಿದೀನಿ."

"ಹಂಗಾದ್ರೆ ಬೈಕು. ಬೈಕ್ ಸ್ಟ್ಯಾಂಡಿಗೆ ಹೋಗು."

ಅವಳು ಬೈಕ್ ಸ್ಟ್ಯಾಂಡಿಗೆ ತಳ್ಳಿಕೊಂಡು ಹೋದಳು. ನಾನು ಹಿಂದೆಯೇ ಹೋಗಿ ನಂಬರ್ ಪ್ಲೇಟ್ ಎಲ್ಲಿ ಎಂದೆ.

"ಸೈಕಲ್ಲಿಗೆ ಯಾರಣ್ಣಾ ನಂಬರ್ ಕೊಡ್ತಾರೆ?"

"ಅದನ್ನ ನನ್ನ ಕೇಳ್ತೀಯಾ? ನಂಬರ್ ಇಲ್ದೆ ಇಲ್ಲಿ ಬಿಡಂಗಿಲ್ಲ."

ಒಂದು ವಾರ ಅವಳನ್ನು ಹೀಗೆಯೇ ಆ ಸ್ಟ್ಯಾಂಡಿನಿಂದ ಈ ಸ್ಟ್ಯಾಂಡಿಗೆ ಅಲೆದಾಡಿಸಿದೆ. ಕೊನೆಗೆ ಅವಳು ಎರಡನ್ನೂ ಬಿಟ್ಟು ನಲ್ಲಿ ಪಕ್ಕದ ಹೊಂಗೆ ಮರಕ್ಕೆ ಸರಪಳಿ ಹಾಕಿ ಹೋದಳು. ನಾನು ಅಷ್ಟಕ್ಕೆ ಬಿಡಲಿಲ್ಲ. ಫ್ಯಾಕ್ಟರಿಯ ವೈರು ಕದ್ದಿದ್ದಾಳೆ ಎಂದು ಸಂಜೆ ಎಲ್ಲರ ಎದುರಿಗೆ ಬ್ಯಾಗು ಸುರಿಸಿದೆ. ಬ್ಯಾಗಿನಿಂದ ಬಿದ್ದದ್ದು ಊಟದ ಡಬ್ಬಿ, ಮೊಣಕಾಲಿಗೆ ಹಚ್ಚುವ ಎಣ್ಣೆ, ಮತ್ತೆ ಕೋಲಾರದ ಅಂಗಡಿಯಲ್ಲಿ ವೈರು ಕೊಂಡ ರಸೀದಿ. ಅವಳು ಒಂದೊಂದಾಗಿ ಹೆಕ್ಕಿ ತುಂಬಿಕೊಂಡಳು. ಮಾರನೆಯ ದಿನವೂ ಅಣ್ಣಾ ಎಂದೇ ಕರೆದಳು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ.

ಅಲ್ಲಿಂದ ಮುಂದೆ ಮೂರು ತಿಂಗಳು ದಿನಾ ಐದು ನಲವತ್ತಕ್ಕೆ ಬರುತ್ತಿದ್ದಳು. ಮೈಯಲ್ಲಿ ಬೆವರಿಲ್ಲ, ಮುಖದಲ್ಲಿ ಆಯಾಸವಿಲ್ಲ. ಮರದ ಕೆಳಗೆ ಕೂತು ಎರಡು ಗುಟುಕು ನೀರು ಕುಡಿದು, ತಲೆಗೂದಲು ಸರಿಮಾಡಿಕೊಂಡು, ಆರಾಮವಾಗಿ ಮೆಷಿನ್ ಮುಂದೆ ನಿಲ್ಲುತ್ತಿದ್ದಳು. ಹಸಿರು ದೀಪ. ಈ ಸಲ ಲಿಸ್ಟಿನಲ್ಲಿ ಅವಳದು ಗ್ಯಾರಂಟಿ ಎಂದು ಕ್ಯಾಂಟೀನಿನಲ್ಲೆಲ್ಲ ಮಾತಾಯಿತು. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಆಯುಧ ಪೂಜೆ ಬಂತು. ನಮ್ಮಲ್ಲಿ ರಜೆಯ ಹಿಂದಿನ ದಿನ, ಶುಕ್ರವಾರವೇ ಪೂಜೆ. ಅಂದು ಕಾಂಪೌಂಡಿನಲ್ಲಿರುವ ಗಾಡಿಗಳನ್ನೆಲ್ಲ ತೊಳೆಯುವುದು ಗೇಟಿನವರ ಕೆಲಸ. ಯಜಮಾನರ ಕಾರಿನಿಂದ ಹಿಡಿದು ಮಾಲಿಯ ತಳ್ಳುಗಾಡಿಯವರೆಗೆ ಒಂದನ್ನೂ ಬಿಡುವಂತಿಲ್ಲ. ಪೈಪಿನಲ್ಲಿ ತೊಳೆದು, ಮೇಲೆ ಒಂದು ಚೊಂಬು ಅರಿಶಿನದ ನೀರು ಸುರಿದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣು. ಬೆಳಿಗ್ಗೆ ಒಳಗೆ ಹೋಗುವಾಗ ಮುನಿಲಕ್ಷ್ಮಿ ನಿಂತಳು.

"ಅಣ್ಣಾ, ನನ್ನ ಸೈಕಲ್ಲಿಗೆ ನೀರು ಹಾಕ್ಬೇಡಿ. ಮಳೆ ಬಂದ್ರೆ ಏನಾಗಲ್ಲ, ಡಬ್ಬಿಗೆ ಮುಚ್ಚಳ ಐತೆ. ಕೆಳಗಡೆ ವೈರ್ ಬರೋ ತೂತು ಐತೆ, ಪೈಪಲ್ಲಿ ಹೊಡೆದ್ರೆ ಒಳಗೆ ಹೋಗ್ತದೆ. ಒಂದು ಬೊಟ್ಟು ಇಟ್ರೆ ಸಾಕು."

ಹ್ಞೂಂ ಎಂದೆ. ಅವಳು ಒಳಗೆ ಹೋದಳು. ಎಲ್ಲರ ಗಾಡಿಯೂ ನನ್ನ ಕೈಯಲ್ಲಿ ತೊಳೆಸಿಕೊಳ್ಳುತ್ತದೆ, ಇವಳದಕ್ಕೆ ಮಾತ್ರ ಬೇಡವೇ ಎನ್ನಿಸಿತು. ತೊಳೆಯದೆ ಕುಂಕುಮ ಇಟ್ಟರೆ ಅದು ಯಾವ ಪೂಜೆ ಎಂದೂ ಅನ್ನಿಸಿತು. ನನ್ನ ಮೊಪೆಡನ್ನು ಹನ್ನೊಂದು ವರ್ಷ ಹಾಗೆಯೇ ತೊಳೆದಿದ್ದೇನೆ, ಏನೂ ಆಗಿಲ್ಲ. ಪೈಪು ಹಿಡಿದು ಕ್ಯಾರಿಯರ್ ಕೆಳಗಿನ ಕೆಸರಿಗೆ ಚೆನ್ನಾಗಿ ಹೊಡೆದೆ. ಸೈಕಲ್ಲನ್ನು ಮಗ್ಗುಲಿಗೆ ವಾಲಿಸಿ ಅರಿಶಿನದ ನೀರನ್ನೂ ಸುರಿದೆ. ಪದ್ಧತಿಗೆ ತೊಳೆದೆಯೋ ಹಗೆಗೆ ತೊಳೆದೆಯೋ ಎಂದು ಯಾರಾದರೂ ಕೇಳಿದ್ದರೆ ಎರಡಕ್ಕೂ ಎನ್ನುತ್ತಿದ್ದೆ.

ಎರಡು ಗಂಟೆಗೆ ಶಿಫ್ಟು ಬಿಡುವಷ್ಟರಲ್ಲಿ ಬಿಸಿಲಿಗೆ ಎಲ್ಲ ಒಣಗಿತ್ತು. ಅವಳು ಹೂವು, ಕುಂಕುಮ ನೋಡಿ ಮೊದಲ ಸಲ ನನ್ನ ಕಡೆ ನಕ್ಕಳು.

"ನಮ್ಮ ಸೈಕಲ್ಲಿಗೂ ಹೂವ ಹಾಕಿದೀರ. ಥ್ಯಾಂಕ್ಸ್ ಅಣ್ಣಾ."

ನಾನು ಗೇಟು ತೆಗೆದುಕೊಟ್ಟೆ.

ದಾರಿಯಲ್ಲಿ ಎರಡು ಕಿಲೋಮೀಟರಿಗೇ ಮೋಟಾರು ಸತ್ತಿತು. ಇದು ಆಮೇಲೆ ಗೊತ್ತಾದದ್ದು. ಸತ್ತ ಮೋಟಾರು ಸುಮ್ಮನೂ ಇರಲಿಲ್ಲ. ಕಂಟ್ರೋಲರ್ ಸುಟ್ಟರೆ ಮೋಟಾರೇ ಬ್ರೇಕ್ ಹಾಕಿದಂತೆ ಚಕ್ರವನ್ನು ಹಿಡಿದುಕೊಳ್ಳುತ್ತದಂತೆ. ಶನಿವಾರ, ಭಾನುವಾರ ಹಬ್ಬದ ರಜೆ. ನಯೀಮ್ ಯಾವುದೋ ಊರಿಗೆ ಬೋರ್‌ವೆಲ್ ಮೋಟಾರು ಎತ್ತಲು ಹೋಗಿದ್ದ, ಸೋಮವಾರವೇ ಬರುವುದು ಎಂದ. ಸೋಮವಾರ ಬೆಳಿಗ್ಗೆ ಅವಳು ನಾಲ್ಕಕ್ಕೇ ಹೊರಟಳು. ಏಳು ಕಿಲೋಮೀಟರ್ ತುಳಿದಳು, ನಾಲ್ಕು ಕಿಲೋಮೀಟರ್ ತಳ್ಳಿದಳು. ಗೇಟಿಗೆ ಬಂದಾಗ ಬೂದಿ ಶರ್ಟು ಒದ್ದೆಯಾಗಿ ಕಪ್ಪಗಾಗಿತ್ತು. ಸೈಕಲ್ಲನ್ನು ನನ್ನ ಕಾಲ ಬುಡದಲ್ಲೇ ಬೀಳಿಸಿ ಮೆಷಿನ್ ಕಡೆ ಓಡಿದಳು, ಕುಂಟುತ್ತಾ.

ಆರು ಗಂಟೆ ನಾಲ್ಕು ನಿಮಿಷ. ಕೆಂಪು ದೀಪ.

ಟೀ ಬಿಡುವಿನಲ್ಲಿ ಮರದ ಕೆಳಗೆ ನಿಂತು ನಯೀಮ್‌ಗೆ ಫೋನಿನಲ್ಲಿ ಬೈದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ನೀನು ಕಟ್ಟಿದ ಡಬ್ಬಿ ನಂಬಿ ನಾನು ಕೆಟ್ಟೆ ನಯೀಮಣ್ಣ! ಆರು ವರ್ಷ ಹೋಯ್ತು ನಂದು!"

ಹತ್ತು ಹೆಜ್ಜೆ ದೂರದಲ್ಲಿ ನಾನು ಸೀಟಿ ಹಿಡಿದು ನಿಂತಿದ್ದೆ. ಬೈಗುಳ ನನ್ನದು, ತಿನ್ನುತ್ತಿದ್ದವನು ಅವನು.

ಎರಡು ಗಂಟೆಗೆ ನಯೀಮ್ ಚೀಲ ಹಿಡಿದು ಬಂದ. ಅವಳ ಎದುರಿಗೇ ಡಬ್ಬಿಯ ಮುಚ್ಚಳ ತೆಗೆದ. ತಳದಲ್ಲಿ ಹಳದಿ ಗಸಿ ಕಟ್ಟಿತ್ತು. ಬೆರಳಲ್ಲಿ ಒರೆಸಿ ಮೂಸಿದ, ಆಮೇಲೆ ಆ ಬೆರಳನ್ನು ನನ್ನ ಮುಖಕ್ಕೆ ಹಿಡಿದ.

"ಮಳೆ ನೀರು ಹಳದಿ ಇರ್ತದಾ ಭಾಯ್?"

"ನನಗೇನು ಗೊತ್ತು?"

ಮುನಿಲಕ್ಷ್ಮಿ ನನ್ನ ಕಡೆ ತಿರುಗಿದಳು. "ನೀರು ಹಾಕ್ಬೇಡಿ ಅಂದಿದ್ದೆ ಕದಿರೇಶಣ್ಣಾ."

"ಪೂಜೆಗೆ ನೀರು ಹಾಕ್ದೆ ಇನ್ನೇನು ಹಾಕ್ತಾರೆ?" ಎಂದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಒಪ್ಪಿಕೊಂಡುಬಿಟ್ಟಿದ್ದೆ ಎಂದು.

ಅವಳು ಜಗಳಕ್ಕೆ ಬರಲಿಲ್ಲ. "ಈ ಮಾತು ಒಳಗೆ ಬಂದು ಹೇಳಿ. ಬುಧವಾರ ಲಿಸ್ಟ್ ಹಾಕ್ತಾರೆ" ಎಂದಳು.

ಹೇಳಿದರೆ ಏಜೆನ್ಸಿಯವರು ನನ್ನನ್ನು ಮನೆಗೆ ಕಳಿಸಬಹುದಿತ್ತು. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಮಂಗಳವಾರ ಎಚ್‌ಆರ್ ನಂದೀಶ್ ಅವರ ಕೋಣೆಗೆ ಹೋಗಿ ಟೋಪಿ ತೆಗೆದು ಎಲ್ಲವನ್ನೂ ಹೇಳಿದೆ. ಅವಳು ಬೇಡವೆಂದದ್ದು, ನಾನು ಹ್ಞೂಂ ಎಂದದ್ದು, ಬೇಕೆಂದೇ ತೊಳೆದದ್ದು. ಅವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ನೀನು ತೊಳೆದಿದ್ದು ನಿನ್ನ ವಿಷಯ. ಆಯಮ್ಮ ಲೇಟ್ ಆಗಿದ್ದು ಮೆಷಿನಲ್ಲಿದೆ. ನಾನು ಮೆಷಿನ್ ನೋಡ್ತೀನಿ ಕಣಯ್ಯಾ, ನಿನ್ನ ಪೂಜೆ ನೋಡಲ್ಲ. ಹೋಗು, ಗೇಟ್ ಖಾಲಿ ಬಿಟ್ ಬಂದಿದೀಯ."

ಕೆಲಸದಿಂದ ತೆಗೆಯಲೂ ಇಲ್ಲ. ನನ್ನ ತಪ್ಪಿಗೆ ಅಷ್ಟೂ ಲೆಕ್ಕವಿರಲಿಲ್ಲ.

ಬಾಗಿಲಾಚೆ ಮುನಿಲಕ್ಷ್ಮಿ ನಿಂತಿದ್ದಳು. ಏನಂದರು ಎಂದು ಕೇಳಿದಳು. ಆಗಲ್ಲ ಅಂದರು ಎಂದೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂತು. ಅಷ್ಟರಲ್ಲಿ ಅವಳೇ ಮಾತಾಡಿದಳು.

"ನಯೀಮಣ್ಣ ಹೊಸ ಕಂಟ್ರೋಲರ್ ಹಾಕ್ಕೊಟ್ರು. ಬೈದಿದ್ದಕ್ಕೆ ಕೈ ಮುಗಿದು ಬಂದೆ. ಇನ್ನೊಂದು ವರ್ಷ ಹಿಂಗೇ ಬರ್ತೀನಿ. ನೀವು ಅದರ ಹತ್ರ ಬರ್ಬೇಡಿ."

ಬುಧವಾರ ಲಿಸ್ಟು ಬಂತು, ಒಂಬತ್ತು ಹೆಸರು. ನೋಟಿಸ್ ಬೋರ್ಡಿಗೆ ಅಂಟಿಸಲು ನನ್ನ ಕೈಗೇ ಕೊಟ್ಟರು. ಗೋಂದು ಹಚ್ಚಿ, ನಾಲ್ಕು ಮೂಲೆ ಒತ್ತಿ ಅಂಟಿಸಿದೆ. ಶಿಫ್ಟು ಬಿಟ್ಟಾಗ ಎಲ್ಲರ ಜೊತೆ ಮುನಿಲಕ್ಷ್ಮಿಯೂ ಬಂದು ನಿಂತು ಮೇಲಿನಿಂದ ಕೆಳಗೆ ಓದಿದಳು. ತನ್ನ ಹೆಸರಿಲ್ಲವೆಂದು ಗೊತ್ತಿದ್ದೂ ಎರಡು ಸಲ ಓದಿದಳು.