ಮೊದಲು ನೀರು, ಆಮೇಲೆ ಸ್ವಿಚ್ಚು

ನಿನ್ನೆ ಕೊಳ್ಳೇಗಾಲದ ನನ್ನ ಅಂಗಡಿಯಲ್ಲಿ ನೀರೆತ್ತುವ ಪಂಪೊಂದನ್ನು ಬಿಚ್ಚಿದೆ. ಸುಟ್ಟ ಸೀಲಿನ ವಾಸನೆ ಮೂಗಿಗೆ ಹೊಡೆಯಿತು. ನನ್ನ ಹಳೆಯ ಗಿರಾಕಿ, ಮಾಂಬಳ್ಳಿಯ ಅವ್ವ ನೆನಪಾದರು...

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ರಿಪೇರಿ ಮಾಡಿದ ಪ್ರತಿ ಪಂಪಿನ ಜೊತೆ, ಅದನ್ನು ಓಡಿಸುವ ಕ್ರಮವನ್ನು ಕೈಯಾರೆ ಬರೆದು ಕೊಡುತ್ತಿದ್ದೆ. ಸುತ್ತಲಿನ ಯಾವ ಮೆಕ್ಯಾನಿಕ್ಕೂ ಹಾಗೆ ಮಾಡುತ್ತಿರಲಿಲ್ಲ. ಆ ಹೆಮ್ಮೆ ಈಗಲೂ ಇದೆ.

ಅವ್ವ ಒಬ್ಬರೇ ಗದ್ದೆ ನೋಡಿಕೊಳ್ಳುತ್ತಿದ್ದರು. ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಒಮ್ಮೆ, ಪಂಪು ಒಯ್ದ ಮೂರನೇ ದಿನವೇ ಆಟೋದಲ್ಲಿ ಹೇರಿಕೊಂಡು ವಾಪಸ್ ಬಂದರು. ಪಂಪಿನೊಳಗೆ ನೀರು ತುಂಬದೆ ಓಡಿಸಿದ್ದರಿಂದ, ಸೋರಿಕೆ ತಡೆಯುವ ಸೀಲು ಸುಟ್ಟಿತ್ತು.

“ಬರ್ದು ಕೊಟ್ಟಿದ್ನಲ್ಲವ್ವ, ಓದ್ಲಿಲ್ವಾ?” ಎಂದು ರೇಗಿದೆ.

ಅವರು ಹಾಳೆಯನ್ನು ನನ್ನ ಮುಂದೆ ಹಿಡಿದರು. “ನೀನೇ ಓದ್ಲಾ. ‘ಸ್ವಿಚ್ ಒತ್ತುವುದು’ ಅಂತದೆ, ಒತ್ತಿದೆ. ‘ಅದಕ್ಕೂ ಮೊದಲು ನೀರು ತುಂಬುವುದು’ ಅಂತ ಕೆಳಗದೆ. ನಾ ಅಲ್ಲಿಗ್ ಬರೋ ಅಷ್ಟೊತ್ಗೆ ಸುಟ್ ವಾಸ್ನೆ ಬಂದಿತ್ತು!”

ಸೀಲಿನ ಜೊತೆ ಹಾಳೆಯನ್ನೂ ಬದಲಾಯಿಸಿದೆ. ಈ ಸಲ ‘ನೀರು ತುಂಬಿ ಪಂಪಿನೊಳಗಿನ ಗಾಳಿಯನ್ನು ಹೊರಹಾಕತಕ್ಕದ್ದು’ ಎಂದು ಗತ್ತಾಗಿ ಶುರು ಮಾಡಿದ್ದೆ.

“ಇದೇನ್ಲಾ, ಕೋರ್ಟ್ ನೋಟೀಸಾ? ಪಂಪ್ಗೆ ನೀರು ಕುಡ್ಸು ಅಂತ ಬರಿ ಮಗ,” ಎಂದರು.

ಹಾಗೇ ಬರೆದೆ. ಅಲ್ಲಿಂದ ಮುಂದೆ ಹೊಸದಾಗಿ ಏನು ಬರೆದರೂ ಅವರಿಂದ ಓದಿಸದೆ, ಬೈಸಿಕೊಳ್ಳದೆ ಯಾರಿಗೂ ಕೊಡಲಿಲ್ಲ...

ಅಂಥದೊಂದು ಹಾಳೆ ಈಚೆಗೆ ಮೈಸೂರಿನ ಪಂಪ್ ಕಂಪನಿಯವರ ಕಣ್ಣಿಗೆ ಬಿತ್ತು; ಅವರು ನನ್ನನ್ನು ಕನ್ನಡ ಕೈಪಿಡಿ ಬರೆಯುವ ಕೆಲಸಕ್ಕೆ ಕರೆದರು. ಒಂದು ತಿಂಗಳು ಯೋಚಿಸಿದೆ. ಹೋದರೆ ಕೈಯಾರೆ ಕಟ್ಟಿದ ಅಂಗಡಿ ಬಿಡಬೇಕು, ಓದಿದವರ ನಡುವೆ ಕೂರಬೇಕು. ಉಳಿದರೆ ಇದೇ ಸೀಲು, ಇದೇ ಸ್ಪ್ಯಾನರು; ನಾನು ಬೆಳೆಯುವುದು ಯಾವಾಗ? ಕೊನೆಗೆ ಫೋನ್ ಮಾಡಿದೆ. “ಬತ್ತೀನಿ ಸಾ. ಆದ್ರೆ ಬರ್ದದ್ದನ್ನ ರೈತ್ರು ಓದಿ, ಪಂಪ್ ಓಡ್ಸಿ ನೋಡಿದ್ ಮೇಲೇ ಅಚ್ಚಾಕ್ಬೇಕು.” ಒಪ್ಪಿದರು.

ಅಂಗಡಿಯನ್ನು ತಮ್ಮನಿಗೆ ವಹಿಸಿ ಸೋಮವಾರ ಹೊರಡುತ್ತೇನೆ. ಮನಸ್ಸು ಹಗುರಾಗಿದೆ. ಇದನ್ನು ಹೇಳಲು ಅವ್ವ ಇಲ್ಲ. ಹೋದ ವರ್ಷ ತೀರಿಕೊಂಡರು... ಮೊದಲ ಕೈಪಿಡಿಯ ಎರಡು ಪುಟ ಆಗಲೇ ಬರೆದಿಟ್ಟಿದ್ದೇನೆ. ಓದುವವರು ಸಿಗುತ್ತಾರೆ. ಅವ್ವನ ಹಾಗೆ ಮುಲಾಜಿಲ್ಲದೆ ಬೈಯುವವರನ್ನು ಎಲ್ಲಿಂದ ತರಲಿ?