ಬಾಗಿಲ ಸಂದಿಗೆ ಹೊಲಿದ ಚೀಲ

ಪೋಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ ಚಳಿ ಬೀಳುವ ಹೊತ್ತಿಗೆ ನಮ್ಮ ಮನೆಯವರು ಕಮಲಾಪುರದಿಂದ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಮಾವ ಅದಕ್ಕೂ ಮೊದಲೇ, ನಿಜಾಮನ ಕಡೆಯ ರಜಾಕಾರರ ಗದ್ದಲದಾಗ ಹೋಗಿಬಿಟ್ಟಿದ್ದರು. ಯಾರೋ ಬಂದು ಕರೆದೊಯ್ದರು, ಮರಳಿ ಬರಲಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಹೆಚ್ಚಿಗೆ ಕೇಳಲಿಲ್ಲ. ಆ ವರ್ಷ ಯಾರೂ ಯಾರನ್ನೂ ಹೆಚ್ಚಿಗೆ ಏನೂ ಕೇಳುತ್ತಿರಲಿಲ್ಲ.

ಕಲಬುರಗಿಯಲ್ಲಿ ನಮ್ಮದು ಒಂದೇ ಖೋಲಿ. ನಮ್ಮ ಮನೆಯವರು ದುಡಿಯುತ್ತಿದ್ದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಿಂದಿನ ಓಣಿ. ಮೊದಲು ಅಲ್ಲಿ ಯಾರೋ ಕಾಳಿನ ಚೀಲ ಇಡುತ್ತಿದ್ದರಂತೆ, ಹಾಗಾಗಿ ಹೊಸ್ತಿಲು ಇರಲಿಲ್ಲ. ನೆಲಕ್ಕೆ ಶಹಾಬಾದ ಕಲ್ಲು. ಬಾಗಿಲಿನ ಕೆಳಗಿನ ಅಂಚನ್ನು ಗೆದ್ದಲು ತಿಂದು ಕೈ ತೂರುವಷ್ಟು ಸಂದಿಯಾಗಿತ್ತು. ಚಳಿಗಾಳಿ ಅದರೊಳಗಿಂದ ನೆಲ ಹಿಡಿದು ಬರುತ್ತಿತ್ತು. ಕಲ್ಲು ಎಷ್ಟು ತಣ್ಣಗಾಗುತ್ತಿತ್ತೆಂದರೆ ಒಲೆಯ ಮುಂದೆ ಕುಳಿತರೂ ಅಂಗಾಲು ಬೆಚ್ಚಗಾಗುತ್ತಿರಲಿಲ್ಲ.

ಅತ್ತೆ ಬಂದ ದಿನದಿಂದ ಬಾಗಿಲಿಗೆ ಎದುರಾದ ಗೋಡೆಗೆ ಒರಗಿ, ಕಂಬಳಿ ಹೊದ್ದು, ಆ ಸಂದಿಯನ್ನೇ ನೋಡುತ್ತ ಕೂಡುತ್ತಿದ್ದರು. ಏನು ಕೇಳಿದರೂ "ಥಂಡಿ ಬರ್ಲಾಕತ್ತದ" ಅನ್ನುವುದೊಂದೇ ಮಾತು. ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾನು ಗೋಣಿತಟ್ಟು ಮಡಚಿ ಇಟ್ಟೆ. ಗಾಳಿಗೆ ಅದು ಸರಿಯುತ್ತಿತ್ತು, ಮತ್ತೆ ಸಂದಿ ಕಾಣುತ್ತಿತ್ತು.

ಪಕ್ಕದ ಖೋಲಿಯಲ್ಲಿ ಪಿಂಜಾರರ ಹೆಣ್ಣುಮಗಳೊಬ್ಬಳಿದ್ದಳು, ಮುಸಲ್ಮಾನರಾಕೆ. ನಾನು ಅಕ್ಕಾ ಅನ್ನುತ್ತಿದ್ದೆ. ಆಕೆಯ ಗಂಡ ಹತ್ತಿ ಹಿಂಜಿ ಗಾದಿ ತುಂಬುವವನು. ಪೋಲೀಸ್ ಆಕ್ಷನ್ ಆದ ವಾರವೇ ಹಳ್ಳಿಯ ಕಡೆ ಗಾದಿ ಮುಟ್ಟಿಸಲು ಹೋದವನು ತಿರುಗಿ ಬಂದಿರಲಿಲ್ಲ. ಆಗ ಹಳ್ಳಿಗಳಲ್ಲಿ ರಜಾಕಾರರ ಸೇಡನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಗೋಣಿತಟ್ಟಿನ ಪಾಡು ಕಂಡು ಆಕೆಯೇ ಉಪಾಯ ಹೇಳಿದಳು. ಬಾಗಿಲಿನ ಅಗಲಕ್ಕೆ ಉದ್ದನೆಯ ಚೀಲ ಹೊಲಿಯಬೇಕು, ತೋಳಿನ ದಪ್ಪ ಬರಬೇಕು, ಬರೇ ಹತ್ತಿ ತುಂಬಿದರೆ ಹಗುರಾಗಿ ಸರಿಯುತ್ತದೆ, ತೊಗರಿ ಹೊಟ್ಟಿನ ಜೊತೆ ಒಂದಿಷ್ಟು ಉಸುಕು ಬೆರೆಸಬೇಕು ಎಂದಳು. ಗಂಡ ಬಿಟ್ಟುಹೋದ, ಗಾದಿಗೆ ಬಾರದ ಹಳೆಯ ಹತ್ತಿಯನ್ನೂ ಸೆರಗಿನಲ್ಲಿ ತಂದು ಸುರಿದಳು.

ನಾನು ನನ್ನ ಹಳೆಯ ಸೀರೆ ಹರಿದು ಎರಡು ಪದರ ಮಾಡಿ ಹೊಲಿದೆ. ಲಟ್ಟಣಿಗೆಯಿಂದ ಒತ್ತಿ ಒತ್ತಿ ತುಂಬಿ, ಬಾಯಿ ಹೊಲಿದು, ಸಂದಿಗೆ ಅಡ್ಡ ಇಟ್ಟೆ. ಗಾಳಿ ನಿಂತಿತು. ನೆಲದ ಮೇಲೆ ಬೀಳುತ್ತಿದ್ದ ಬೆಳಕಿನ ಗೆರೆಯೂ ಹೋಯಿತು. ಅತ್ತೆ ಎದ್ದು ಬಂದು ಈ ತುದಿಯಿಂದ ಆ ತುದಿಯವರೆಗೆ ಅಂಗೈಯಿಂದ ಒತ್ತಿ ನೋಡಿದರು. ಆ ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿತು. ಬಂದ ಮೇಲೆ ಅವರು ಹಾಗೆ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ನಮ್ಮ ಮನೆಯವರು ಜಿನ್ನಿನಿಂದ ಬಂದು ಬಾಗಿಲು ನೂಕಿದರು. ಚೀಲ ನೆಲಕ್ಕೆ ಉಜ್ಜಿ ಒಳಗೆ ಸರಿಯಿತು. ಅತ್ತೆ ಎದ್ದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಮಗ ಕರೆದರೂ ತಿರುಗಲಿಲ್ಲ.

ಮರುದಿನ ಜೋಳ ಹಸನು ಮಾಡುತ್ತ ಕುಳಿತಾಗ ತಾವಾಗಿಯೇ ಹೇಳಿದರು. ಕಮಲಾಪುರದಲ್ಲಿ ಮಂದಿ ಬಂದ ಸಪ್ಪಳ ಕೇಳಿ ಮಾವ ಇವರನ್ನು ಒಳಗೆ ದೂಡಿ, ಹೊರಗಿನಿಂದ ಚಿಲಕ ಹಾಕಿ, ತಾವು ಪಡಸಾಲೆಯಲ್ಲಿ ನಿಂತರಂತೆ. ಇವರು ನೆಲಕ್ಕೆ ಕೆನ್ನೆ ಹಚ್ಚಿ ಬಾಗಿಲ ಸಂದಿಯೊಳಗಿಂದ ನೋಡಿದರಂತೆ.

"ಎಲ್ಲಾರ ಕಾಲಾಗ ಬೂಟ ಇದ್ದವು. ನಡುವ ನಿಮ್ಮ ಮಾವಂದು ಬರಿಗಾಲು. ಮೆಟ್ಟ ಅಲ್ಲೇ ಬಿಟ್ಟು ಹೋದರು."

ಮೊರದಲ್ಲಿನ ಹರಳು ಆರಿಸುವುದನ್ನು ಅವರು ನಿಲ್ಲಿಸಲಿಲ್ಲ. ಅತ್ತರೇ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನಬೇಕು. ನಾನೂ ಅಳಲಿಲ್ಲ. ಹಿಟ್ಟು ಮುಗಿದಿದೆ, ಬೀಸಬೇಕು ಎಂದು ಯೋಚಿಸಿದ್ದು ನೆನಪಿದೆ.

ಅವತ್ತಿನಿಂದ ನಮ್ಮ ಮನೆಯವರು ಹೊರಗೆ ನಿಂತು "ಯವ್ವಾ, ನಾ ಬಂದೀನಿ" ಅಂದ ಮೇಲೆ ನಾನು ಚೀಲ ಸರಿಸಿ ಬಾಗಿಲು ತೆಗೆಯುತ್ತಿದ್ದೆ. ತಂದೆಯ ಬರಿಗಾಲಿನ ಸುದ್ದಿ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಇಂದಿಗೂ ಅರಿಯೆ.

ಸಂಕ್ರಾಂತಿ ಮುಂದಿರುವಾಗ ಪಿಂಜಾರರ ಅಕ್ಕ ಬಂದು, ತನ್ನ ಬಾಗಿಲಿಗೂ ಅಂಥದೊಂದು ಬೇಕಿತ್ತು, ಈಚೆಗೆ ತನಗೆ ದಾರ ಪೋಣಿಸಲು ಆಗುವುದಿಲ್ಲ ಎಂದಳು. ಅಲ್ಲಿಯತನಕ ಅತ್ತೆ ಆಕೆಯ ಜೊತೆ ಒಂದು ಮಾತೂ ಆಡಿರಲಿಲ್ಲ. ಆಕೆ ಒಳಗೆ ಬಂದರೆ ಕಂಬಳಿ ಮುಸುಕು ಹಾಕಿಕೊಳ್ಳುತ್ತಿದ್ದರು. ಅವತ್ತು ಆಕೆ ಹೋದ ಮೇಲೆ ಅತ್ತೆ ನನ್ನನ್ನು ಕೇಳಿದರು.

"ಆಕಿ ಗಂಡ ಬಂದನೇನು?"

"ಇಲ್ಲ ಅತ್ತಿ."

"ಸೂಜಿ ಎಲ್ಲದ, ಕೊಡು."

ತಮ್ಮ ಗಂಟು ಬಿಚ್ಚಿ ಒಂದು ಸೀರೆ ತೆಗೆದು ಎರಡು ದಿನ ಕುಳಿತು ಹೊಲಿದರು. ನನ್ನ ಹೊಲಿಗೆಗಿಂತ ಒತ್ತಾಗಿತ್ತು, ಸಣ್ಣಗಿತ್ತು. ತಾವು ಕೊಡಲು ಹೋಗಲಿಲ್ಲ, ನನ್ನ ಕೈಯಲ್ಲಿ ಕಳಿಸಿದರು. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಯಾರು ಹೊಲಿದದ್ದೆಂದು ಕೇಳಿದಳು. ಹೇಳಿದೆ. ತಲೆ ಆಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂದಿ ಮುಚ್ಚಿದ್ದು ಹೊರಗಿನಿಂದಲೇ ಕಂಡಿತು.

ಬೇಸಿಗೆಗೆ ಆಕೆಯ ಅಣ್ಣ ಹೈದರಾಬಾದಿನಿಂದ ಬಂದು ಆಕೆಯನ್ನು ಕರೆದೊಯ್ದ. ಗಂಡನ ಹತ್ತಿ ಹಿಂಜುವ ಬಿಲ್ಲು ಟಾಂಗಾದಲ್ಲಿ ಹಿಡಿಸದೆ ಉದ್ದಕ್ಕೆ ಹೊರಚಾಚಿತ್ತು. ನಾನು ಪಾತ್ರೆಯ ಗಂಟು ಎತ್ತಿಕೊಟ್ಟೆ. ಗಂಡ ಬಂದರೆ ಹೈದರಾಬಾದಿಗೆ ಹೋಗ್ಯಾಳಂತ ಹೇಳ್ರಿ ಎಂದಳು. ಆಯ್ತು ಅಂದೆ. ಅತ್ತೆ ಹೊರಗೆ ಬರಲಿಲ್ಲ, ಆದರೆ ಆವತ್ತು ಮುಸುಕು ಹಾಕಿಕೊಂಡಿರಲಿಲ್ಲ. ಟಾಂಗಾ ಓಣಿಯ ಮೂಲೆ ತಿರುಗಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಾನು ಒಳಗೆ ಬಂದು, ಕೈ ತೊಳೆದು, ರೊಟ್ಟಿಗೆ ಹಿಟ್ಟು ನಾದಿದೆ. ಆ ಸುದ್ದಿ ಹೇಳಿ ಕಳಿಸಲು ಆಕೆಯ ಗಂಡ ಎಂದೂ ಬರಲಿಲ್ಲ.